ಭಾವನ ನಿಯಮ

ಗಣಿತದ ಮೇಷ್ಟರ ಪ್ರಶ್ನೆ ಬಂದ ಹೊತ್ತಿಗೆ ಅವಳು ಏಳನೇ ನಂಬರಿನ ಬಸ್ಸಿಗಾಗಿ ಎರಡು ನಿಮಿಷ ಹುಡುಕುತ್ತಿದ್ದಳು. ರೈಲ್ವೆ ಗೇಟಿನ ಬಳಿ ಆ ಬಸ್ಸು ದಿನಾ ಎರಡು ನಿಮಿಷ ಕಳೆದುಕೊಳ್ಳುತ್ತದೆ; ಕಳೆದದ್ದನ್ನು ಮುಂದಿನ ಯಾವುದಾದರೂ ನಿಲ್ದಾಣದಿಂದ ಕಿತ್ತು ತಂದು ವೇಳಾಪಟ್ಟಿಯಲ್ಲಿ ತುಂಬಬೇಕು. ಸಾರಿಗೆ ಕಚೇರಿಯ ಮೂರನೇ ಮಹಡಿಯಲ್ಲಿ ಹದಿನೈದು ವರ್ಷದಿಂದ ಅವಳು ಮಾಡುತ್ತ ಬಂದಿರುವುದು ಇಂಥ ಕೆಲಸವನ್ನೇ. ಪ್ರಶ್ನೆ ಮಾತ್ರ ಕಚೇರಿಯದ್ದಲ್ಲ. ಬಿಡುವಿನಲ್ಲಿ ಆರು ವರ್ಷ ಕೂತು ಅವಳೊಂದು ಲೈಬ್ರರಿ ಬರೆದಿದ್ದಳು. ಲೈಬ್ರರಿ ಅಂದರೆ ಪುಸ್ತಕದ್ದಲ್ಲ, ಕೋಡಿನದ್ದು: ಪಗಡೆಯ ಹಾಗೆ ದಾಳ ಹಾಕಿ ಕಾಯಿ ನಡೆಸುವ ಬ್ಯಾಕ್‌ಗ್ಯಾಮನ್ ಆಟವನ್ನು ಕಂಪ್ಯೂಟರಿನೊಳಗೆ ಸಾವಿರಾರು ಸಲ ಆಡಿಸಿ, ಯಾವ ನಡೆ ಒಳ್ಳೆಯದು, ಯಾವುದು ಕೆಟ್ಟದ್ದು, ಎಷ್ಟು ಕೆಟ್ಟದ್ದು ಎಂದು ಅಳೆಯುವ ಸಲಕರಣೆಗಳ ಒಂದು ಕಟ್ಟು. ಯಾರು ಬೇಕಾದರೂ ಎತ್ತಿಕೊಂಡು ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದು. ಎತ್ತಿಕೊಂಡವರೂ ಇದ್ದರು, ಮುನ್ನೂರು ಚಿಲ್ಲರೆ ಮಂದಿ. ಅವರಲ್ಲಿ ಒಬ್ಬರ ಮುಖವನ್ನೂ ಅವಳು ಕಂಡಿರಲಿಲ್ಲ. ಸಮುದ್ರದಾಚೆ ಎಲ್ಲೋ ಕಾಲೇಜಿನಲ್ಲಿ ಗಣಿತ ಹೇಳುವ ಈ ಮೇಷ್ಟರು ಬಹಳ ಮರ್ಯಾದೆಯಿಂದ ಬರೆದಿದ್ದರು. ನಿಮ್ಮ ಉತ್ತರಕ್ಕೂ ನನ್ನ ಲೆಕ್ಕಕ್ಕೂ ಕೆಲವೇ ಕೆಲವು ಸ್ಥಿತಿಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತಿತ್ತು, ಮೂರು ವಾರ ಹುಡುಕಿದೆ. ಎರಡು ದಾಳಗಳಲ್ಲಿ ಯಾವುದಾದರೂ ಒಂದನ್ನು ಮಾತ್ರ ಆಡಲು ಸಾಧ್ಯವಿದ್ದಾಗ ದೊಡ್ಡ ಸಂಖ್ಯೆಯನ್ನೇ ಆಡಬೇಕು ಎಂಬುದು ನಿಯಮ. ನಿಮ್ಮಲ್ಲಿ ಯಾವುದನ್ನು ಬೇಕಾದರೂ ಆಡಲು ಬಿಟ್ಟಿದ್ದೀರಿ. ವಿಚಿತ್ರವೆಂದರೆ ನಿಮ್ಮಲ್ಲೇ ‘ಭಾವನ ನಿಯಮ’ ಎಂಬ ಒಂದು ಸ್ವಿಚ್ಚಿದೆ. ಅದನ್ನು ಹಾಕಿದರೆ ಎಲ್ಲ ಸರಿಹೋಗುತ್ತದೆ. ಸರಿಯಾದ ನಿಯಮವನ್ನು ಹಾಕದೆ ಬಿಟ್ಟಿರುವುದು ಏಕೆಂದು ತಿಳಿಯಲಿಲ್ಲ. ಜೊತೆಗೆ ಸುಮ್ಮನೆ ಒಂದು ಕುತೂಹಲ: ಈ ಭಾವ ಯಾರು? ಹಳೆಯ ಕಾಲದ ದೊಡ್ಡ ಆಟಗಾರರೇ?

ಅವಳು ಅದನ್ನು ಎರಡು ಸಲ ಓದಿದಳು. ಪಕ್ಕದ ಮೇಜಿನಲ್ಲಿ ಬಸ್ಸು ಹೋಗುವ ದಾರಿಗಳ ನಕ್ಷೆ ಬರೆಯುವವಳು ಕನ್ನಡಕದ ಮೇಲಿಂದ ನೋಡಿ, “ಯಾಕೆ, ಏಳನೇ ನಂಬರು ಗೇಟಲ್ಲಿ ಸಿಕ್ಕಿಹಾಕ್ಕೊಂಡಿತಾ?” ಅಂದಳು.

“ಇಲ್ಲ. ನಾನು ಸಿಕ್ಕಿಹಾಕ್ಕೊಂಡೆ.”

“ಹಾಗಾದ್ರೆ ಗೇಟು ತೆಗೆಯೋವರೆಗೂ ಟೀ ಕುಡಿ,” ಎಂದು ನಕ್ಷೆಯವಳು ತನ್ನ ಲೋಟವನ್ನೇ ಇತ್ತ ತಳ್ಳಿದಳು. ಅವಳು ಕುಡಿಯಲಿಲ್ಲ. ಮೇಷ್ಟರು ತಪ್ಪು ಹೇಳುತ್ತಿದ್ದಾರೆ ಎಂಬ ಭರವಸೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಆಟದ ನಿಯಮಗಳನ್ನು ಹುಡುಕಿ ತೆರೆದಳು. ಆರನೆಯದೋ ಏಳನೆಯದೋ ವಾಕ್ಯ, ನೀರಿನಷ್ಟು ತಿಳಿಯಾಗಿತ್ತು. ಇನ್ನೊಂದು ಕಡೆ ನೋಡಿದಳು, ಅಲ್ಲೂ ಇತ್ತು. ಆರು ವರ್ಷದಲ್ಲಿ ಅವಳು ದಾಳದ ಆರು ಮುಖವೂ ಸಮನಾಗಿ ಬೀಳುತ್ತವೆಯೇ ಎಂದು ಕೋಟಿ ಸಲ ಉರುಳಿಸಿ ನೋಡಿದ್ದಳು, ಹೊಡೆಸಿಕೊಂಡ ಕಾಯಿ ಒಳಗೆ ಬರುವ ದಾರಿಯನ್ನು ಹತ್ತು ಬಗೆಯಲ್ಲಿ ಪರೀಕ್ಷಿಸಿದ್ದಳು. ಈ ಒಂದು ವಾಕ್ಯವನ್ನು ಮಾತ್ರ ಯಾವತ್ತೂ ಓದಿರಲಿಲ್ಲ. ಓದಬೇಕು ಅನ್ನಿಸಿಯೇ ಇರಲಿಲ್ಲ. ತುತ್ತು ಬಾಯಿಗೆ ಹೇಗೆ ಇಟ್ಟುಕೊಳ್ಳಬೇಕು ಎಂದು ಯಾರು ಪುಸ್ತಕ ನೋಡುತ್ತಾರೆ? ಅವಳ ಲೈಬ್ರರಿಯಲ್ಲಿ ನಾನೂರ ಹನ್ನೆರಡು ಪರೀಕ್ಷೆಗಳಿದ್ದವು. ಅದರಲ್ಲೊಂದು, ಸಣ್ಣ ಸಂಖ್ಯೆಯನ್ನು ಆಡಲು ಬಿಡುತ್ತದೆಯೇ ಎಂದೇ ನೋಡುವಂಥದ್ದು. ಪ್ರತಿ ಸಲ ಹಸಿರು ಗುರುತು ತೋರಿಸಿ ‘ಸರಿ’ ಅನ್ನುತ್ತಿತ್ತು. ತಪ್ಪು ತನ್ನಷ್ಟಕ್ಕೆ ತಾನು ಇದ್ದಿದ್ದರೆ ಬೇರೆ. ಅವಳು ಅದಕ್ಕೊಂದು ಕಾವಲನ್ನೂ ಇಟ್ಟಿದ್ದಳು. ಸ್ವಿಚ್ಚಿನ ಪಕ್ಕ ಅವಳದೇ ಟಿಪ್ಪಣಿ ಇತ್ತು: ಭಾವನ ನಿಯಮ, ನಮ್ಮ ಮನೆಯಲ್ಲಿ ನಡೆಯುವುದಿಲ್ಲ, ಬೇಕಾದವರು ಹಾಕಿಕೊಳ್ಳಬಹುದು. ಬರೆದ ದಿನ ಒಬ್ಬಳೇ ನಕ್ಕಿದ್ದು ನೆನಪಾಯಿತು. ಮುನ್ನೂರು ಚಿಲ್ಲರೆ ಮಂದಿ ಅದನ್ನು ಓದಿರಬೇಕು.

ಮನೆಯಲ್ಲಿ ‘ಭಾವನ ನಿಯಮ’ ಅಂದರೆ ತನಗೆ ಬೇಕಾದ ಹಾಗೆ ಕಟ್ಟಿಕೊಂಡ ನಿಯಮ. ಸ್ನಾನಕ್ಕೆ ಮೊದಲು ಎದ್ದವರಿಗೆ ಮೊದಲ ಬಿಸಿನೀರು ಅಂತ ಯಾರಾದರೂ ಹೇಳಿದರೆ, ಓಹೋ ಭಾವನ ನಿಯಮ. ಕಿಟಕಿ ಪಕ್ಕದ ಸೀಟು ವಾಂತಿ ಬರುವವರಿಗೆ ಅಂದರೆ, ಭಾವನ ನಿಯಮ ಬಂತಪ್ಪ. ಚಿಕ್ಕಪ್ಪಂದಿರು ಹೇಳುತ್ತಿದ್ದರು, ಅವರ ಮಕ್ಕಳು ಹೇಳುತ್ತಿದ್ದರು, ಹೊಸದಾಗಿ ಮದುವೆಯಾಗಿ ಬಂದವರು ಆ ಮಾತಿನ ಹುಟ್ಟು ತಿಳಿಯದೆ ಹೇಳುತ್ತಿದ್ದರು. ಒಮ್ಮೆ ಅಕ್ಕನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ಪಾಠ ಮುಗಿಸಿದವರಿಗೆ ಮಾತ್ರ ಆಟ ಎಂದು ಭಾವ ಮಗಳಿಗೆ ಹೇಳಿದರು. ಎಂಟು ವರ್ಷದ ಆ ಹುಡುಗಿ ತಟ್ಟೆಯಿಂದ ತಲೆಯೆತ್ತದೆ, “ಇದು ಭಾವನ ನಿಯಮ,” ಅಂದಳು. ತನ್ನ ಅಪ್ಪನೇ ಆ ಭಾವ ಎಂಬುದು ಆ ಹುಡುಗಿಗೆ ಹೊಳೆದೇ ಇರಲಿಲ್ಲ. ಊಟದ ಮೇಜು ನಗೆಯಲ್ಲಿ ಅದುರಿತು. ಭಾವನೂ ನಕ್ಕರು. ನಗುತ್ತಲೇ ತಟ್ಟೆ ಎತ್ತಿಕೊಂಡು ತೊಳೆಯುವ ತೊಟ್ಟಿಯವರೆಗೆ ಹೋದರು. ನಲ್ಲಿ ಬಹಳ ಹೊತ್ತು ಸುರಿಯಿತು. ಆ ತಟ್ಟೆಯಲ್ಲಿ ಅನ್ನ ಅರ್ಧ ಉಳಿದಿತ್ತು ಎಂಬುದನ್ನು ಅವಳು ನೋಡಿದ್ದಳು. ಅಕ್ಕ ಅವಳ ಕಿವಿಯ ಹತ್ತಿರ ಬಂದು, “ಶುರು ಮಾಡಿದವಳು ನೀನು, ನೆನಪಿದೆಯಾ?” ಅಂದಿದ್ದಳು, ಸಿಟ್ಟಿಲ್ಲದೆ, ಮರೆತುಹೋದ ವಿಳಾಸ ಕೇಳುವವಳ ಹಾಗೆ.

ನೆನಪಿಲ್ಲದೆ ಏನು. ಅವಳಿಗೆ ಹದಿಮೂರು. ಅಕ್ಕನ ಮದುವೆಯಾಗಿ ನಾಲ್ಕು ತಿಂಗಳು. ಭಾವ ಮಡಚುವ ಬೋರ್ಡೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದು ಅವಳಿಗೆ ಆಟ ಕಲಿಸಿದ್ದರು: ಇಪ್ಪತ್ತನಾಲ್ಕು ಚೂಪು ಮನೆಗಳು, ಒಬ್ಬೊಬ್ಬರಿಗೆ ಹದಿನೈದು ಕಾಯಿ, ಎರಡು ದಾಳ, ಸುತ್ತಿ ಬಂದು ತಮ್ಮ ಕೊನೆಯ ಆರು ಮನೆಗಳಲ್ಲಿ, ಅಂದರೆ ಒಳಮನೆಯಲ್ಲಿ, ಎಲ್ಲ ಕಾಯಿಯನ್ನೂ ಸೇರಿಸಿ ಮೊದಲು ಹೊರಗೆ ತೆಗೆದವರು ಗೆದ್ದ ಹಾಗೆ. ಒಂಟಿಯಾಗಿ ನಿಂತ ಕಾಯಿಯನ್ನು ಎದುರಾಳಿ ಹೊಡೆಯಬಹುದು, ಜೋಡಿ ಕಾಯಿ ಕೂತ ಮನೆಗೆ ಕಾಲಿಡುವ ಹಾಗಿಲ್ಲ. ಆವತ್ತು ಮಧ್ಯಾಹ್ನ ಅವಳ ಹದಿನಾಲ್ಕು ಕಾಯಿ ತನ್ನ ಒಳಮನೆಯ ಕಟ್ಟಕಡೆಯ ಎರಡು ಮನೆಗಳಲ್ಲಿ ಗುಡ್ಡೆಯಾಗಿ ಬಿದ್ದಿದ್ದವು, ಒಂದೇ ಒಂದು ಹಿಂದೆ, ಭಾವನ ಒಳಮನೆಯಲ್ಲಿ ಉಳಿದಿತ್ತು. ಗರ ಬಿದ್ದದ್ದು ಆರು ಮತ್ತು ಎರಡು. ಆರು ಆಡಬಹುದಿತ್ತು, ಎರಡು ಆಡಬಹುದಿತ್ತು, ಎರಡನ್ನೂ ಸೇರಿಸಿ ಆಡಲು ಮಾತ್ರ ಆಗುತ್ತಿರಲಿಲ್ಲ. ಆ ಒಂಟಿ ಕಾಯಿಯಿಂದ ಎಂಟನೆಯ ಮನೆಯಲ್ಲಿ ಭಾವನ ಜೋಡಿ ಕಾಯಿ ಕೂತಿದ್ದವು, ಅವರು ಮನೆಗೆ ತರಬೇಕಾದ ಕೊನೆಯ ಎರಡು. ಆರು ಆಡಿದರೆ ಅವಳ ಕಾಯಿ ಆ ಜೋಡಿಯ ಮೂಗಿನ ಕೆಳಗೆ ಹೋಗಿ ನಿಲ್ಲುತ್ತಿತ್ತು. ಎರಡು ಆಡಿದರೆ ದೂರದಲ್ಲೇ ಉಳಿಯುತ್ತಿತ್ತು. ಅವಳ ಬೆರಳು ಎರಡಕ್ಕೆ ಹೊರಟಿತು.

“ದೊಡ್ಡದನ್ನೇ ಆಡಬೇಕು ಚೂಟಿ,” ಅಂದರು ಭಾವ. “ಒಂದೇ ಆಡೋಕಾಗೋದು ಅಂದ್ರೆ ದೊಡ್ಡದು. ಅದು ನಿಯಮ.”

“ಇಷ್ಟು ದಿನ ಹೇಳಲೇ ಇಲ್ವಲ್ಲ?”

“ಇಷ್ಟು ದಿನ ಇಂಥ ಗರ ಬೀಳಲೇ ಇಲ್ವಲ್ಲ.”

“ಅಪ್ಪಾ, ಭಾವ ಮೋಸ ಮಾಡ್ತಿದ್ದಾರೆ.”

ಅಪ್ಪ ಪತ್ರಿಕೆಯಲ್ಲಿ ಕರಡು ತಿದ್ದುವವರು. ರಜೆಯ ದಿನವೂ ಉದ್ದುದ್ದ ಕಾಗದಗಳು, ಕೆಂಪು ಪೆನ್ಸಿಲು. ತಲೆಯೆತ್ತದೆಯೇ ಕೇಳಿದರು, ಆ ನಿಯಮ ಎಲ್ಲಿ ಅಚ್ಚಾಗಿದೆ? ಭಾವ ತಡವರಿಸಿದರು. ಅಚ್ಚು ಗಿಚ್ಚು ಗೊತ್ತಿಲ್ಲ ಮಾವ, ಹೀಗೇ ಆಡೋದು. ಆಗ ಅಪ್ಪ ಪೆನ್ಸಿಲು ಕೆಳಗಿಟ್ಟು, ಕಾಗದದ ಮೇಲಿನ ತಪ್ಪನ್ನು ನೋಡುವ ಹಾಗೆಯೇ ಅಳಿಯನನ್ನು ನೋಡಿ, “ಗೆಲ್ಲೋದಕ್ಕೆ ನಿಯಮ ಹುಟ್ಟಿಸೋದು ಈ ಮನೇಲಿ ಇಲ್ಲ,” ಅಂದರು. ಅಡುಗೆಮನೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಭಾವ, ಆಯ್ತು ಮಾವ, ಎಂದು ಕಾಯಿಗಳು ಇದ್ದ ಹಾಗೆಯೇ ಬೋರ್ಡನ್ನು ಮಡಚಿದರು. ಒಳಗೆ ಅವು ಒಂದರ ಮೇಲೊಂದು ಬಿದ್ದ ಸದ್ದಾಯಿತು. ಬೋರ್ಡನ್ನು ಅಲ್ಲೇ ಬಿಟ್ಟು ಹೋದರು, ಆಮೇಲೆ ಯಾವತ್ತೂ ಕೇಳಲಿಲ್ಲ. ಅವಳು ಆ ಬೋರ್ಡಿನಲ್ಲೇ ಒಬ್ಬಳೇ, ಎರಡೂ ಕಡೆಯಿಂದ, ಮನೆಯ ನಿಯಮದಂತೆ ಆಡುತ್ತ ಬೆಳೆದಳು.

ಹನ್ನೆರಡೂವರೆಗೆ ಅವಳು ಏಳನೇ ನಂಬರನ್ನು ಅದರ ಪಾಡಿಗೆ ಬಿಟ್ಟಳು. ತಪ್ಪು ಒಪ್ಪಿಕೊಂಡು ಎರಡು ಸಾಲು ಬರೆಯಬೇಕಿತ್ತು, ಸ್ವಿಚ್ಚನ್ನು ತೆಗೆದುಹಾಕಬೇಕಿತ್ತು. ಆದರೆ ಮುಜುಗರಕ್ಕಿಂತ ಮುಂಚೆ ಒಂದು ಕುತೂಹಲ ಬಂದು ಕೂತಿತ್ತು, ಎಬ್ಬಿಸಿದರೂ ಏಳಲಿಲ್ಲ. ಇಂಥ ಗರ ಎಷ್ಟು ಆಟಕ್ಕೊಮ್ಮೆ ಬರುತ್ತದೆ? ಲೈಬ್ರರಿಗೆ ಒಂದು ಲಕ್ಷ ಆಟ ಆಡಿಸಿ ಎಣಿಸಿದಳು. ಬರುವುದು ಅಪರೂಪ, ಬಂದಾಗಲೂ ಹೆಚ್ಚಿನ ಸಲ ದೊಡ್ಡದೇ ಒಳ್ಳೆಯ ನಡೆಯಾಗಿರುತ್ತಿತ್ತು, ಹಾಗಾಗಿ ನಿಯಮ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಆರು ವರ್ಷ ಯಾರ ಕಣ್ಣಿಗೂ ಬೀಳದೇ ಇದ್ದದ್ದು ಅದಕ್ಕೇ. ‘ಹೆಚ್ಚಿನ ಸಲ’ ಎಂಬಲ್ಲಿ ಅವಳ ಕಣ್ಣು ನಿಂತಿತು. ಆವತ್ತು? ಇಷ್ಟು ವರ್ಷದಲ್ಲಿ ಅವಳು ಆ ಸ್ಥಿತಿಯನ್ನು ಯಂತ್ರಕ್ಕೆ ಕೊಟ್ಟು ಕೇಳಿರಲಿಲ್ಲ. ಗೆದ್ದ ಮೊಕದ್ದಮೆಯ ಕಾಗದಗಳನ್ನು ಯಾರೂ ಮತ್ತೆ ಬಿಡಿಸಿ ಓದುವುದಿಲ್ಲ, ಅಷ್ಟೇ ಇರಬಹುದು. ಹದಿನಾಲ್ಕು ಕಾಯಿಯ ಎರಡು ಗುಡ್ಡೆ, ಹಿಂದಿನ ಒಂಟಿ ಕಾಯಿ, ಎಂಟನೆಯ ಮನೆಯ ಜೋಡಿ. ಭಾವನ ಉಳಿದ ಹದಿಮೂರು ಕಾಯಿ ಒಳಗೆ ಹೇಗೆ ಹಂಚಿಕೊಂಡಿದ್ದವು ಎಂಬುದು ಮಾತ್ರ ಪೂರ್ತಿ ನೆನಪಿರಲಿಲ್ಲ. ನಾಲ್ಕು ಬಗೆಯಲ್ಲಿ ಇಟ್ಟು ನೋಡಿದಳು, ಒಂದೊಂದನ್ನೂ ಹತ್ತು ಸಾವಿರ ಸಲ.

ಉತ್ತರ ನಾಲ್ಕರಲ್ಲೂ ಹೆಚ್ಚು ಕಡಿಮೆ ಒಂದೇ ಬಂತು. ಎರಡು ಆಡಿದರೆ ಅವಳು ಗೆಲ್ಲುವುದು ನೂರಕ್ಕೆ ಹತ್ತೊಂಬತ್ತು ಸಲ. ಆರು ಆಡಿದರೆ ಮೂವತ್ತು. ಯಂತ್ರ ತಪ್ಪಿರಬೇಕು ಎಂದು ಹಾಳೆ ತೆಗೆದುಕೊಂಡು ಕೈಯಲ್ಲೇ ಎಣಿಸಿದಳು. ಎರಡು ಮನೆ ದೂರದಲ್ಲಿ ನಿಂತ ಒಂಟಿ ಕಾಯಿಯನ್ನು ಹೊಡೆಯುವ ಗರಗಳು ಮೂವತ್ತಾರರಲ್ಲಿ ಹನ್ನೆರಡು. ಆರು ಮನೆ ದೂರದಲ್ಲಿ ನಿಂತದ್ದಕ್ಕೆ ಹದಿನೇಳು. ಹತ್ತಿರ ಹೋದಷ್ಟೂ ಹೊಡೆತ ಕಡಿಮೆ. ಇದು ಅವಳಿಗೆ ಗೊತ್ತಿಲ್ಲದ ವಿಷಯವಲ್ಲ, ಲೈಬ್ರರಿಯ ಮೊದಲ ಪುಟದಲ್ಲೇ ಬರೆದಿದ್ದಳು. ಆ ಮಧ್ಯಾಹ್ನಕ್ಕೆ ಮಾತ್ರ ಅದನ್ನು ಹಚ್ಚಿ ನೋಡಿರಲಿಲ್ಲ. ಅಂದರೆ ಭಾವ ಹೇಳಿದ ನಿಯಮ ಇರುವ ನಿಯಮವೇ. ಅದು ಸಾಲದು ಎಂಬಂತೆ, ಆವತ್ತು ಅದರಿಂದ ಲಾಭವಾಗಬೇಕಿದ್ದದ್ದು ಅವಳಿಗೆ. ತಮಗೆ ನಷ್ಟ ತರುವ ನಿಯಮವನ್ನು ಹೇಳಿ ಅವರು ಮೋಸಗಾರರಾಗಿದ್ದರು. “ಊಟ ಮಾಡಲ್ವಾ?” ಎಂದು ನಕ್ಷೆಯವಳು ಕೇಳಿದ್ದು ಎರಡನೇ ಸಲವಿರಬೇಕು. ಮಾಡಿದೆ ಅನಿಸುತ್ತೆ, ಎಂದಳು ಅವಳು. ಡಬ್ಬಿ ಮುಚ್ಚಿದ ಹಾಗೆಯೇ ಇತ್ತು.

ಮೇಷ್ಟರ ಪ್ರಶ್ನೆ ಬಂದ ದಿನವೇ ಭಾವನನ್ನು ನೋಡಬೇಕಿತ್ತು, ಅದೂ ಬೇರೆಯೇ ಕಾರಣಕ್ಕೆ. ಭಾವ ಹಲ್ಲಿನ ಸೆಟ್ಟು ಮಾಡುವವರು. ದಂತವೈದ್ಯರು ತೆಗೆದು ಕಳಿಸಿದ ದವಡೆಯ ಅಚ್ಚುಗಳ ಮೇಲೆ ಮೇಣ ಹಚ್ಚಿ, ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ವಸಡು ಕಟ್ಟುತ್ತಾರೆ. ಅಪ್ಪನ ಸೆಟ್ಟು ಎಡಗಡೆ ಎತ್ತರವಾಗಿ ವಸಡಿಗೆ ಹುಣ್ಣಾಗಿ ಎರಡು ದಿನದಿಂದ ಭಾವನ ಬಳಿ ಇತ್ತು. ನಾಲ್ಕಕ್ಕೆ ಅವಳು ಬರಬೇಕು, ಇಬ್ಬರೂ ಕೂಡಿ ಮನೆಗೆ ಹೋಗಿ ಬಾಯಲ್ಲಿಟ್ಟು ನೋಡಬೇಕು ಎಂದು ಮಾತಾಗಿತ್ತು. ಏಳನೇ ನಂಬರು ಗೇಟಿನಲ್ಲಿ ನಿಂತಿತು. ಎರಡಲ್ಲ, ನಾಲ್ಕು ನಿಮಿಷ. ಆ ನಾಲ್ಕು ನಿಮಿಷದಲ್ಲಿ ಅವಳು ಕ್ಷಮೆ ಕೇಳುವ ವಾಕ್ಯವನ್ನು ಮೂರು ಸಲ ಕಟ್ಟಿ ಮೂರು ಸಲ ಕೆಡವಿದಳು. ಇಪ್ಪತ್ತಾರು ವರ್ಷ ಎಂದು ಶುರುಮಾಡಿದರೆ ಭಾಷಣದ ಹಾಗಾಗುತ್ತಿತ್ತು. ಮೇಷ್ಟರಿಂದ ಶುರುಮಾಡಿದರೆ, ಹೊರಗಿನವನೊಬ್ಬ ಹೇಳುವತನಕ ನಂಬಲಿಲ್ಲ ಎಂದಾಗುತ್ತಿತ್ತು. ಅದು ನಿಜವೂ ಆಗಿತ್ತು.

ಕಿರಿದಾದ ಮೆಟ್ಟಿಲು ಹತ್ತಿದರೆ ಮೇಲೆ ಒಂದೇ ಕೋಣೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಬಿಳಿ ದವಡೆಗಳು, ಪ್ರತಿಯೊಂದರ ತಳದಲ್ಲೂ ಪೆನ್ಸಿಲಿನಲ್ಲಿ ಹೆಸರು, ತಾರೀಕು. ಭಾವ ಕಿಟಕಿಯ ಹತ್ತಿರ ತಿರುಗುವ ಯಂತ್ರಕ್ಕೆ ಯಾರದೋ ಹಲ್ಲು ಹಿಡಿದು ತೇಯುತ್ತಿದ್ದರು. ರೆಪ್ಪೆಯ ಮೇಲೆಲ್ಲ ಬಿಳಿ ಪುಡಿ.

“ಬಾ ಚೂಟಿ. ಮಾವನ ಸೆಟ್ಟು ತಯಾರು. ಎಷ್ಟು ಚೀಟಿ ಆಯ್ತು?”

ಹಲ್ಲಿಲ್ಲದೆ ಮಾತು ತೊದಲುತ್ತದೆ ಎಂದು ಅಪ್ಪ ಎರಡು ದಿನದಿಂದ ಬಾಯಿಯೇ ತೆರೆದಿರಲಿಲ್ಲ. ಬೇಕಾದದ್ದನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. “ಅರವತ್ತಾಗಿರಬಹುದು,” ಅಂದಳು. “ನಿನ್ನೆ ಒಂದು ಚೀಟೀಲಿ ಒಂದು ದೀರ್ಘ ಬಿಟ್ಟುಹೋಗಿತ್ತಂತೆ. ನನ್ನ ಕೈಯಿಂದ ವಾಪಸ್ ಇಸ್ಕೊಂಡು ತಿದ್ದಿ ಕೊಟ್ಟರು.”

ಭಾವ ನಕ್ಕರು.

“ಭಾವ, ಒಂದು ಮಾತಿತ್ತು.”

“ಮೆಷೀನು ನಿಲ್ಲಿಸಬೇಕಾದ ಮಾತಾ, ಹೀಗೇ ಆಡೋವಂಥದ್ದಾ?”

“ನಿಲ್ಲಿಸಬೇಕು.”

ಯಂತ್ರ ನಿಂತಿತು. ಕಟ್ಟಿಕೊಂಡು ಬಂದ ವಾಕ್ಯ ಎಲ್ಲೋ ಮೆಟ್ಟಿಲ ಮೇಲೆ ಬಿದ್ದುಹೋಗಿತ್ತು. ಆ ನಿಯಮ ನಿಜವಾಗಿಯೂ ಇದೆ, ಅಂದಳು. ದೊಡ್ಡದನ್ನೇ ಆಡಬೇಕು ಅನ್ನೋದು. ನಾನು ಇವತ್ತು ಓದಿದೆ. ನೀವು ಹೇಳಿದ್ದು ಸರಿ. ಅಷ್ಟೇ ಅಲ್ಲ, ಆರು ಆಡಿದ್ದರೆ ನನಗೇ ಒಳ್ಳೆಯದಿತ್ತು. ನೀವು ನನ್ನ ಒಳ್ಳೆಯದಕ್ಕೆ ಹೇಳಿದಿರಿ, ನಾನು ಮೋಸ ಅಂದೆ. ಇಷ್ಟನ್ನು ಒಂದೇ ಉಸಿರಲ್ಲಿ ಹೇಳಿ, ಮೇಜಿನ ಮೇಲಿದ್ದ ಯಾರದೋ ದವಡೆಯನ್ನು ನೋಡುತ್ತ ನಿಂತಳು. ಭಾವ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಅವರ ಮುಖದಲ್ಲಿ ಅವಳು ನಿರೀಕ್ಷಿಸಿದ್ದ ಯಾವುದೂ ಇರಲಿಲ್ಲ.

“ಇದೆಯಾ ನಿಜಕ್ಕೂ, ಅಂಥ ನಿಯಮ?”

“ಇದೆ. ಅಂದ್ರೆ… ನಿಮಗೆ ಗೊತ್ತಿತ್ತಲ್ಲ?”

“ನನಗೆಲ್ಲಿಂದ ಗೊತ್ತು? ಸುಮ್ನೆ ಹೇಳಿದ್ದು ಕಣೇ.”

“ಸುಮ್ನೆ ಅಂದ್ರೆ?”

“ಬಾಯಿಗೆ ಬಂತು, ಹೇಳಿದೆ. ನಿನ್ನ ಬೆರಳು ಆಗಲೇ ಎರಡಕ್ಕೆ ಹೊರಟಿತ್ತು. ಹತ್ತಿರ ಬಂದು ನಿಂತ ಕಾಯೀನ ಹೊಡೆಯೋದು ಕಷ್ಟ ಅಂತ ನಾನು ಆಡಿ ಆಡಿ ಕಂಡಿದ್ದೆ. ಆರು ಆಡು ಅಂತ ಹೇಳಿಕೊಟ್ಟಿದ್ರೆ ನೀನು ಬೋರ್ಡು ಎತ್ತಿ ಎಸೀತಿದ್ದೆ, ಹಿಂದಿನ ವಾರ ಎಸೆದಿದ್ದೆಯಲ್ಲ, ನಿನ್ನಕ್ಕ ಮಂಚದ ಕೆಳಗಿಂದ ಕಾಯಿ ಹೆಕ್ಕಿದ್ಲು. ಅದಕ್ಕೇ ನಿಯಮ ಅಂದೆ. ಆ ಮನೇಲಿ ನಿಯಮ ಅಂದ್ರೆ ಎಲ್ಲರೂ ತಲೆ ಬಗ್ಗಿಸ್ತಾರೆ ಅಂದ್ಕೊಂಡಿದ್ದೆ.” ಅವರು ಕನ್ನಡಕ ಹಾಕಿಕೊಂಡರು. “ಮಾವ ಅಂದಿದ್ರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನಿಯಮ ಹುಟ್ಟಿಸಿದ್ದು ನಿಜ.”

ಅವಳು ಕೂತಳು. ಕೂತದ್ದು ಪುಡಿ ಬಿದ್ದ ಸ್ಟೂಲಿನ ಮೇಲೆ ಎಂದು ಆಮೇಲೆ ತಿಳಿಯಿತು. ಹುಟ್ಟಿಸಿದ ನಿಯಮ ಮೊದಲೇ ಎಲ್ಲೋ ಇತ್ತು. ಕೋಣೆಯ ಬಾಗಿಲು ಇಲ್ಲೇ ಇರಲಿ ಎಂದು ಕತ್ತಲಲ್ಲಿ ಕೈ ಚಾಚಿದವನಿಗೆ ಹಿಡಿಯೇ ಸಿಕ್ಕ ಹಾಗೆ. ಇದರ ಸಂಭವ ಎಷ್ಟು ಎಂದು ಯಾವ ಲೈಬ್ರರಿಯಿಂದಲೂ ಎಣಿಸಲು ಬರುವುದಿಲ್ಲ. ಅವಳ ಅಪರಾಧ ಕಡಿಮೆಯಾಯಿತೆ? ಮೋಸ ಅಂದದ್ದು ಸುಳ್ಳಲ್ಲ, ನಿಜವೂ ಅಲ್ಲ. ಮಗುಚಿ ಮಗುಚಿ ನೋಡಿದರೂ ಅದಕ್ಕೆ ಒಂದು ಬದಿ ಸಿಗಲಿಲ್ಲ. ಇಷ್ಟು ವರ್ಷ ಆ ಹೆಸರನ್ನು ಹೊತ್ತು ಈ ಮನುಷ್ಯ ಊಟಕ್ಕೆ ಕೂತಿದ್ದಾರೆ, ಎದ್ದಿದ್ದಾರೆ.

“ಬೇಜಾರಾಗ್ತಿರಲಿಲ್ವಾ?” ಎಂದು ಕೇಳಿದಳು.

“ಮೊದಲು ಐದಾರು ವರ್ಷ ಆಗ್ತಿತ್ತು. ಆಮೇಲೆ ನಿನ್ನಕ್ಕನಿಗೆ ಆಗ್ತಿತ್ತು, ನಾನು ಬಿಟ್ಟೆ.” ಅಪ್ಪನ ಸೆಟ್ಟನ್ನು ನೀರಿನ ಡಬ್ಬಿಯಿಂದ ತೆಗೆದು ಬೆಳಕಿಗೆ ಹಿಡಿದು, ಮತ್ತೆ ಡಬ್ಬಿಗೇ ಬಿಟ್ಟು ಮುಚ್ಚಳ ಹಾಕಿದರು. ಮೆಟ್ಟಿಲ ಹತ್ತಿರ ಬಂದು ನಿಂತರು. “ಒಂದು ಕೆಲಸ ಮಾಡ್ತೀಯಾ. ಮಾವನಿಗೆ ಆ ನಿಯಮ ಇದೆ ಅಂತಷ್ಟೇ ಹೇಳು. ಉಳಿದದ್ದು ಬೇಡ. ಆ ಮನೇಲಿ ಒಂದು ದಿನ ಸರಿ ಅನ್ನಿಸಿಕೊಂಡು ನೋಡೋಣ, ಹೇಗಿರುತ್ತೆ ಅಂತ.” ತಮಾಷೆಯ ಧ್ವನಿಯಲ್ಲೇ ಹೇಳಿದರು. ಆದರೆ ಹೇಳಿದ ಮೇಲೆ ಅವಳ ಮುಖ ನೋಡಲಿಲ್ಲ.

ಅಪ್ಪ ಕಿಟಕಿಯ ಬಳಿ ಕುರ್ಚಿಯಲ್ಲಿ ಅಂಗಿಯ ಗುಂಡಿ ಕತ್ತಿನವರೆಗೂ ಹಾಕಿಕೊಂಡು ಕೂತಿದ್ದರು. ಹಲ್ಲಿಲ್ಲದ ಮುಖ ಒಳಕ್ಕೆ ಸರಿದು ಬೇರೆ ಯಾರದೋ ಮುಖದಂತೆ ಕಾಣುತ್ತಿತ್ತು. ಭಾವನನ್ನು ಕಂಡು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಮೇಜಿನ ಮೇಲೆ ಚೀಟಿ ಸಿದ್ಧವಾಗಿತ್ತು: ಬನ್ನಿ. ತಡವಾಯಿತು. ಭಾವ ಕೈ ತೊಳೆದು ಬಂದು, ಸೆಟ್ಟನ್ನು ಒದ್ದೆ ಮಾಡಿ, ಅಪ್ಪನ ಬಾಯಿಗಿಟ್ಟು ಕೂರಿಸಿದರು. ಹಲ್ಲುಗಳ ನಡುವೆ ನೀಲಿ ಕಾಗದದ ತುಂಡೊಂದನ್ನು ಸರಿಸಿ, ಕಚ್ಚಿ ಮಾವ, ಅಂದರು. ಎಲ್ಲಿ ಎತ್ತರವಿದೆಯೋ ಅಲ್ಲಿ ನೀಲಿ ಅಂಟುತ್ತದೆ. ಎಡಕ್ಕೆ ಉಜ್ಜಿ. ಬಲಕ್ಕೆ. ಭಾವನ ಎರಡು ಬೆರಳು ಅಪ್ಪನ ಕೆನ್ನೆಯ ಒಳಗಿದ್ದವು. ಈ ಜನ್ಮದಲ್ಲಿ ಅಪ್ಪ ಎದುರು ಮಾತಾಡಲು ಆಗದ ಸ್ಥಿತಿ ಮತ್ತೆ ಸಿಗುವುದಿಲ್ಲ ಎಂದು ಅವಳಿಗನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು, ಮಾತು ಅಷ್ಟರಲ್ಲಿ ಹೊರಟಿತ್ತು.

“ಅಪ್ಪ, ಆವತ್ತು ಭಾವ ಹೇಳಿದ ನಿಯಮ ಅಚ್ಚಾಗಿದೆ. ಎಲ್ಲ ಕಡೆ ಹಾಗೇ ಆಡ್ತಾರೆ. ನಾವು ತಪ್ಪು.” ಕಚೇರಿಯಲ್ಲಿ ಅಚ್ಚು ಹಾಕಿಸಿ ತಂದಿದ್ದ ಹಾಳೆಯನ್ನು ಅಪ್ಪನ ತೊಡೆಯ ಮೇಲಿಟ್ಟಳು.

ಅಪ್ಪ ಬಾಯಿ ತೆರೆದುಕೊಂಡೇ ಕಣ್ಣು ಕೆಳಗೆ ಹಾಯಿಸಿ ಓದಿದರು. ಎರಡನೇ ಸಲ ಬೆರಳಿಟ್ಟು ಓದಿದರು. ಭಾವ ಏನೂ ಕೇಳದವರ ಹಾಗೆ ಸೆಟ್ಟನ್ನು ಹೊರತೆಗೆದು, ನೀಲಿ ಅಂಟಿದ ಹಲ್ಲನ್ನು ಸಣ್ಣ ಅರದಿಂದ ತೇಯಲು ಶುರುಮಾಡಿದರು. ಅಪ್ಪನ ಕೈ ಚೀಟಿಗೆ ಹೋಯಿತು, ಪೆನ್ಸಿಲು ಹಿಡಿಯಿತು, ಹಿಡಿದು ಕೆಳಗಿಟ್ಟಿತು. ಆಮೇಲೆ ಅಪ್ಪ ಮಾತಾಡಿದರು. ಹಲ್ಲಿಲ್ಲದ ಬಾಯಿಂದ ಗಾಳಿಯೇ ಹೆಚ್ಚು ಬಂತು, ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡವು, ಆದರೂ ತಿಳಿಯಿತು.

“ಇವರಿಗೆ ಗೊತ್ತಿತ್ತಾ, ಆವತ್ತು?”

ಅಪ್ಪ ಕೇಳಬೇಕಾದದ್ದನ್ನೇ ಕೇಳಿದ್ದರು. ನಲವತ್ತು ವರ್ಷ ಸಾಲುಗಳ ನಡುವೆ ಬೆರಳಿಟ್ಟು ಬದುಕಿದವರಿಗೆ ಸಡಿಲವಾದ ಜಾಗ ತಾನಾಗಿಯೇ ತಾಗುತ್ತದೆ. ಅವಳು ಭಾವನ ಬಗ್ಗಿದ ತಲೆಯನ್ನು ನೋಡಿದಳು. ಅರ ನಿಂತಿರಲಿಲ್ಲ.

“ಗೊತ್ತಿತ್ತು,” ಅಂದಳು.

“ಇಲ್ಲ ಮಾವ,” ಅಂದರು ಭಾವ, ತಲೆಯೆತ್ತದೆ. “ಗೊತ್ತಿರಲಿಲ್ಲ. ನೀವು ಅಂದ ಹಾಗೇ. ಅಲ್ಲೇ ಹುಟ್ಟಿಸಿದ್ದು.”

ಅವಳ ಕಿವಿ ಬಿಸಿಯಾಯಿತು. ಇಷ್ಟು ವರ್ಷದಲ್ಲಿ ಅವಳು ಅಪ್ಪನ ಮುಂದೆ ಹೇಳಿದ ಒಂದೇ ಒಂದು ನೇರ ಸುಳ್ಳು, ಅದೂ ಅರ್ಧ ನಿಮಿಷ ನಿಲ್ಲಲಿಲ್ಲ. ಅಪ್ಪ ಅವಳನ್ನು ನೋಡಲೇ ಇಲ್ಲ. ಅಳಿಯನನ್ನೇ ನೋಡುತ್ತಿದ್ದರು.

“ಯಾಕೆ?”

“ಅವಳು ಗೆಲ್ಲಲಿ ಅಂತ ಮಾವ. ತಪ್ಪು ನಡೆ ಆಡೋದ್ರಲ್ಲಿದ್ಲು.”

ಅಪ್ಪ ಆಗ ಮಗಳ ಕಡೆ ತಿರುಗಿದರು. “ಗೆಲ್ಲುತ್ತಿದ್ದೆಯಾ?”

“ನೂರಕ್ಕೆ ಮೂವತ್ತು.”

“ನೀನು ಆಡಬೇಕು ಅಂದ್ಕೊಂಡಿದ್ದನ್ನ ಆಡಿದ್ದರೆ?”

“ಹತ್ತೊಂಬತ್ತು.”

ಅಪ್ಪ ಮನಸ್ಸಿನಲ್ಲೇ ಕಳೆದು ನೋಡಿದರು. ತುಟಿ ಅಲ್ಲಾಡಿದ್ದು ಕಂಡಿತು. ಕರವಸ್ತ್ರ ತೊಡೆಯಿಂದ ಜಾರಿ ಕೆಳಗೆ ಬಿದ್ದಿತ್ತು, ಎತ್ತಿಕೊಳ್ಳಲಿಲ್ಲ. “ಬರೀ ಹನ್ನೊಂದಕ್ಕೆ,” ಅಂದರು, ಪ್ರತಿ ಅಕ್ಷರವನ್ನೂ ವಸಡಿನಿಂದ ಬಿಡಿಸಿ ತೆಗೆಯುತ್ತ. “ಬರೀ ಹನ್ನೊಂದಕ್ಕೆ ಇಷ್ಟು ವರ್ಷ ಅನ್ನಿಸಿಕೊಂಡಿರಾ?”

“ಆವತ್ತು ಲೆಕ್ಕ ಗೊತ್ತಿರಲಿಲ್ಲ ಮಾವ,” ಅಂದರು ಭಾವ. “ಇನ್ನೂ ಸ್ವಲ್ಪ ಜಾಸ್ತಿ ಇರುತ್ತೆ ಅಂದ್ಕೊಂಡಿದ್ದೆ.”

ಅಪ್ಪನ ಎದೆಯಿಂದ ಒಂದು ಸದ್ದು ಬಂತು. ಕೆಮ್ಮೆಂದುಕೊಂಡು ಅವಳು ನೀರು ತರಲು ಎದ್ದಳು. ಕೆಮ್ಮಲ್ಲ. ಬರೀ ವಸಡು ಕಾಣುವಂತೆ, ಕೈ ಅಡ್ಡ ಹಿಡಿಯದೆ, ಅಪ್ಪ ನಗುತ್ತಿದ್ದರು. ನಗು ಮುಗಿದ ಮೇಲೂ ಮುಖ ಬಹಳ ಹೊತ್ತು ಹಾಗೆಯೇ ಇತ್ತು, ಮುಂದೇನು ಮಾಡಬೇಕೆಂದು ತಿಳಿಯದೆ ನಿಂತ ಹಾಗೆ. ಭಾವ ಸೆಟ್ಟನ್ನು ಊದಿ ಪುಡಿ ಹಾರಿಸಿ, ನೀರಲ್ಲಿ ಅದ್ದಿ, ಬೆರಳಿನಿಂದ ಎಡಗಡೆಯನ್ನು ಸವರಿ ನೋಡಿದರು. ಅವರು ಕೇಳುವ ಮೊದಲೇ ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಸರಿದು, ಕಣ್ಣು ಮುಚ್ಚಿ, ಅಳಿಯನ ಕೈಗೆ ಎಟಕುವಂತೆ ಬಾಯನ್ನು ದೊಡ್ಡದಾಗಿ ತೆರೆದರು.